ಅಡುತ್ತ ಮಾಡಲ್

ಫೋನಿನ ಪರದೆ ಒಡೆದಾಗಿನಿಂದ, ದೂರದೂರಿನ ಮಗಳು ವಿಡಿಯೋ ಕರೆಯಲ್ಲಿ ತೋರಿಸುವ ಹಸುಗೂಸಿನ ಮುಖ ನೀಲಮ್ಮಣ್ಣಿಗೆ ಬರೀ ಹಸಿರು ಗೆರೆಯಾಗಿ ಕಾಣುತ್ತಿತ್ತು. ಆದರೂ ಮಲಯಾಳ ಸೀಮೆಯ ಮುಳ್ಳನ್‌ಕೊಲ್ಲಿಯ ಅಂಗಡಿಯಲ್ಲಿ ಗಂಡ ಪುಟ್ಟಬಸಪ್ಪ ಹೊಸ ಫೋನುಗಳನ್ನು ಒತ್ತಿ ಒತ್ತಿ, ಜಿಡ್ಡಿನ ಬೆರಳಚ್ಚು ಮೂಡಿಸಿ ಕೆಳಗಿಡುತ್ತಿದ್ದ. ಅವಳಿಗೆ ಹೇಸಿಗೆಯಾಯಿತು.

“ಅಡುತ್ತ ಮಾಡಲ್ ಓಣತ್ತಿನು ವರುಂ, ಚೇಟ್ಟಾ,” ಎಂದ ಅಂಗಡಿಯ ಷಿಬು. ಮುಂದಿನ ಮಾಡೆಲ್ ಓಣಂ ಹಬ್ಬಕ್ಕೆ ಬರುತ್ತದಣ್ಣಾ ಎಂದು ಅವನ ಮಾತು; ಮಲಯಾಳದಲ್ಲಿ ‘ಅಡುತ್ತ’ ಎಂದರೆ ಮುಂದಿನದು. ನೀಲಮ್ಮಣ್ಣಿಯ ಮನೆಮಾತಿನಲ್ಲಿ ಅದು ಅಡುಗೆಯ ಕೆಲಸ.

“ಹಂಗಾರೆ ಓಣದಗಂಟ ಕಾಯಾನ ಕಣಮ್ಮಿ,” ಎಂದ ಪುಟ್ಟಬಸಪ್ಪ.

“ವಿಷು ಹಬ್ಬಕ್ಕೂ ಹಿಂಗೇ ಅಂದ್ರಿ. ಇವ್ರು ಅಡುತ್ತ ಅಡುತ್ತಲೇ ಇರ್ತಾರೆ, ಬಡ್ಸೋದು ಯಾವತ್ತು? ಅಷ್ಟೊತ್ಗೆ ಕೂಸಿಗೆ ಹಲ್ಲು ಬಂದಿರ್ತದೆ. ಷಿಬು, ಬೆಂದಿರೋದನ್ನ ಕೊಡಪ್ಪ.”

ಪುಟ್ಟಬಸಪ್ಪ ಇನ್ನೊಂದು ಫೋನಿಗೆ ಕೈ ಚಾಚಿದ. ಅವನು ಆಗಷ್ಟೇ ಕೆಳಗಿಟ್ಟದ್ದನ್ನು ಅವಳು ಎತ್ತಿಕೊಂಡು, ಜಿಡ್ಡನ್ನು ಸೆರಗಿನಿಂದ ಉಜ್ಜಿ ಒರೆಸಿ, ಹಳೆಯ ಸಿಮ್ಮನ್ನು ಷಿಬುವಿನ ಮುಂದಿಟ್ಟಳು.