ಕಬ್ಬಿನ ಸಾಲಿನ ಹಕ್ಕರಕಿ

"ಪಂಪ್ ಯಾಕ ಹಸೀ ಐತ್ರಿ?"

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೊಳೆವ್ವ ಕೇಳಿದಳು. ಆಕಳ ಮೈ ತೊಳೆಯುತ್ತಿದ್ದ ಗಂಡ ಸಾಬಣ್ಣ ತಿರುಗಿ ನೋಡಲಿಲ್ಲ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಆ ಪಂಪು ಅವರು ಸಾವಯವ ಬೇಸಾಯ ಹಿಡಿದ ಮೇಲೆ ಗೂಟಕ್ಕೆ ತೂಗಿಬಿದ್ದದ್ದು ಹಾಗೇ ಇತ್ತು. ಅದಕ್ಕೆ ಕಟ್ಟಿದ ಜೇಡರ ಬಲೆಯನ್ನು ದಿನವೂ ಸಗಣಿ ಬಳಿಯುವಾಗ ಹೊಳೆವ್ವ ನೋಡುತ್ತಿದ್ದಳು. ಇವತ್ತು ಬಲೆ ಇರಲಿಲ್ಲ. ಹೆಗಲ ಪಟ್ಟಿ ತೊಯ್ದು ಕಪ್ಪಾಗಿತ್ತು. ಅವಳು ಅದನ್ನು ಮುಟ್ಟಿ ಬೆರಳು ಮೂಸಿದಳು.

"ಜೀವಾಮೃತ ಹೊಡದೇನಿ, ನಿನ್ನೆ ಸಂಜೀಕ."

"ಜೀವಾಮೃತ ಸಗಣಿ ನಾರತೈತಿ. ಇದು ಬ್ಯಾರೇನ ನಾರಾಕತ್ತೈತಿ. ಎಣ್ಣಿ ಹೊಡದ್ರೇನು?"

ಕಸ ಸುಡುವ ಔಷಧಿಗೆ ಬೆಳಗಲಿಯಲ್ಲಿ ಎಲ್ಲರೂ ಎಣ್ಣಿ ಎಂದೇ ಅನ್ನುತ್ತಿದ್ದರು. ಹೊಡೆದರೆ ಕಬ್ಬಿಗೆ ಏನೂ ಆಗುವುದಿಲ್ಲ, ನಡುವಿನ ಕಸ ಮಾತ್ರ ಮುರುಟಿ ಸಾಯುತ್ತದೆ.

"ಬೀರಪ್ಪನ ಆಣಿ ಮಾಡಿ ಹೇಳ್ರಿ."

"ಮುಂಜಾನೆದ್ದು ಆಣಿ ಪ್ರಮಾಣ ಏನ್ ಹಚ್ಚೀದಿ ಲೇ?" ಸಾಬಣ್ಣ ಆಕಳ ಬೆನ್ನಿಗೆ ಜೋರಾಗಿ ನೀರು ಗೊಜ್ಜಿದ. "ಪ್ರತಿಮಾ ಬಾಯಾರು ಊಟದ ಹೊತ್ತಿಗೆ ಬರ್ತಾರ. ಅದರ ಚಿಂತಿ ಮಾಡು. ನಾಯಿಗತೆ ಮೂಸ್ಕೋತ ನಿಂದರಬ್ಯಾಡ."

ಹೊಳೆವ್ವ ಒಲೆಯ ಮುಂದೆ ಬಂದು ಕುಳಿತಳು. ಬಲಗಾಲು ಮಡಚಲು ಬರುತ್ತಿರಲಿಲ್ಲ. ಕೈ ತೊಳೆದು, ಕಾಲು ಚಾಚಿಕೊಂಡೇ ಹಿಟ್ಟು ನಾದತೊಡಗಿದಳು. ಪ್ರತಿಮಾ ಧಾರವಾಡದಲ್ಲಿ ಸಾವಯವ ಪದಾರ್ಥಗಳ ಅಂಗಡಿ ಇಟ್ಟವಳು. ಹೊಲ ನೋಡಿ ಒಪ್ಪಿಕೊಂಡರೆ ಈ ಸಲದ ಬೆಲ್ಲವೆಲ್ಲ ಅವಳಿಗೇ. ಅದರ ಸಲುವಾಗಿಯೇ ಸಾಬಣ್ಣ ರಸ್ತೆಯ ಬದಿಗೆ 'ವಿಷಮುಕ್ತ ಹೊಲ' ಎಂದು ಬೋರ್ಡು ಬರೆಸಿ ನಿಲ್ಲಿಸಿದ್ದ. ದೇಶದೇಶ ತಿರುಗುತ್ತ, ಇಂಥ ಹೊಲಗಳಲ್ಲಿ ಊಟ ವಸತಿಗಷ್ಟೇ ದುಡಿಯುವ ಪರದೇಶದ ಹುಡುಗರಿದ್ದಾರೆಂದು ಹೇಳಿದವಳೂ ಪ್ರತಿಮಾಳೇ. ಹಾಗೆ ಬಂದವಳು ಪೋಲೆಂಡಿನ ಮಾರ್ತಾ. ಊರ ಹೆಂಗಸರ ಬಾಯಲ್ಲಿ ಅವಳು ಎರಡೇ ದಿನಕ್ಕೆ ಮಾರ್ತವ್ವ ಆಗಿದ್ದಳು.

ಬೀಳಗಿಯ ತವರು, ಬೆಳಗಲಿಯ ಮನೆ, ನಡುವಿನ ಬಸ್ಸಿನ ದಾರಿ. ಹೊಳೆವ್ವ ಕಂಡ ಲೋಕ ಇಷ್ಟೇ. ಸಮುದ್ರ ದಾಟಿ ಒಬ್ಬಳೇ ಬಂದ ಹುಡುಗಿ ತನ್ನ ಹಿಂದೆ ಹಿಂದೆ ತಿರುಗಿ ಇದೇನು, ಅದೇನು ಎಂದು ಬೆರಳು ಮಾಡಿ ಕೇಳುವಾಗ ಅವಳಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗು ಹೋಯಿತು. ಲಗ್ನವಾಗಿ ಬಂದಂದಿನಿಂದ ಈ ಮನೆಯಲ್ಲಿ ಯಾರೂ ಅವಳನ್ನು ಏನನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ಬಾವಿಯ ಬದಿಯ ಬನ್ನಿ ಗಿಡದ ಕೆಳಗೆ ಹುಟ್ಟುವ ಹಕ್ಕರಕಿ ಎಲೆಯನ್ನು ಕಿತ್ತು, ಮಣ್ಣು ಜಾಡಿಸಿ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವುದನ್ನು ಕಲಿಸಿದವಳು ಅವಳೇ. ಮಾರ್ತಾ ಅನುಮಾನಿಸಿದಾಗ, "ದನಾ ಮೇದಂಗ ಮೇಯಿ, ಏನಾಗೂದಿಲ್ಲ" ಎಂದು ಬಾಯಿಗೆ ತುರುಕಿದ್ದಳು. ಈಗ ಆ ಹುಡುಗಿ ಕೀಳುತ್ತ ಕೀಳುತ್ತಲೇ ತಿನ್ನುವಷ್ಟು ಪಳಗಿದ್ದಳು.

"ಅವ್ವಾ! ಬಾಳ! ಬಾಳ ಹಕ್ಕರಕಿ!"

ಮಾರ್ತಾ ಬುಟ್ಟಿ ಹೊತ್ತು ಬಂದಳು. ತುಂಬಿ ತುಳುಕುವಷ್ಟಿತ್ತು. ಬನ್ನಿ ಗಿಡದ ಕೆಳಗೆ ಇಷ್ಟು ಸಿಗುವುದಿಲ್ಲ. ಹೊಳೆವ್ವ ಒಂದು ಹಿಡಿ ಎತ್ತಿ ಮೂಸಿದಳು. ತೊಳೆದರೂ ಪಂಪು ಮುಟ್ಟಿದ ಕೈ ಇನ್ನೂ ನಾರುತ್ತಿತ್ತು. ಎಲೆಯ ವಾಸನೆ ಯಾವುದು, ಕೈಯದು ಯಾವುದು ತಿಳಿಯಲಿಲ್ಲ. ಎಲ್ಲಿಂದ ತಂದಿ ಎಂದು ಕೇಳುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸಪ್ಪಳವಾಯಿತು. ಮಾರ್ತಾ ಬುಟ್ಟಿಯೊಂದಿಗೆ ನಲ್ಲಿಯ ಕಡೆ ಓಡಿದಳು.

ಊಟಕ್ಕೆ ಕೂತಾಗ ತೊಳೆದ ಹಕ್ಕರಕಿಯನ್ನು ಮಾರ್ತಾಳೇ ತಾಟಿನಲ್ಲಿ ಜೋಡಿಸಿ ನಡುವೆ ಇಟ್ಟಳು.

"ಹೊಳೆವ್ವಾರ, ಬೆಲ್ಲ ಹಂಗಿರಲಿ, ನಾ ಬರೂದ ನಿಮ್ಮ ಹಕ್ಕರಕಿ ಸಲುವಾಗಿ ನೋಡ್ರಿ," ಪ್ರತಿಮಾ ನಕ್ಕಳು. ಮಾರ್ತಾಳತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮಾರ್ತಾ ಹೆಮ್ಮೆಯಿಂದ ಕೈ ಚಾಚಿ ತೋರಿಸಿ, "ಕಬ್ಬು! ಕಬ್ಬು ಒಳಗ!" ಎಂದಳು.

ತಾಟಿನತ್ತ ಹೊರಟಿದ್ದ ಸಾಬಣ್ಣನ ಕೈ ನಿಂತಿತು. ನಿಂತ ಕೈ ಬದಿಗೆ ಸರಿದು ಉಳ್ಳಾಗಡ್ಡಿಯನ್ನು ಎತ್ತಿಕೊಂಡಿತು.

ಅವನಿಗೆ ಹಕ್ಕರಕಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಳೆವ್ವ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಹಕ್ಕರಕಿ ತಗೋರಿ."

"ಬ್ಯಾಡ."

"ಯಾಕ?"

"ಹಲ್ಲು ನೋಯಾಕತ್ತಾವ."

"ಉಳ್ಳಾಗಡ್ಡಿ ಕಡಿಯೂ ಮುಂದ ನೋಯಲಿಲ್ಲೇನ್ರಿ?"

"ಗಂಡನ್ನ ಮಾತಿನಾಗ ಬಿಡಂಗಿಲ್ಲ ಬಿಡ್ರಿ ನೀವು," ಎನ್ನುತ್ತ ಪ್ರತಿಮಾ ನಾಲ್ಕು ಎಲೆ ಸೇರಿಸಿ ರೊಟ್ಟಿಯಲ್ಲಿ ಮಡಚಿದಳು. ಮಾರ್ತಾ ಆಗಲೇ ಮಡಚಿ ಹಿಡಿದಿದ್ದಳು. ಸಾಬಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಹೊಳೆವ್ವ ಕಾದಳು. ಹುಳ ಬಿದ್ದಾವ ಎಂದು ತಾನೇ ತಾಟನ್ನು ಒಳಗೆ ಒಯ್ಯಬಹುದಿತ್ತು; ಬೋರ್ಡು ಉಳಿಯುತ್ತಿತ್ತು, ಗಂಡನ ಮುಖವೂ ಉಳಿಯುತ್ತಿತ್ತು. ಆದರೆ ಮಾರ್ತಾಳ ತುಟಿಯ ಅಂಚಿನಲ್ಲಿ ಹಸಿರು ಅಂಟಿಕೊಂಡಿತ್ತು. ಮುಂಜಾನೆಯಿಂದ ಎಷ್ಟು ತಿಂದಿದ್ದಾಳೋ, ಏನೋ.

ಹೊಳೆವ್ವ ಬಾಗಿ ಮಾರ್ತಾಳ ಕೈಯಿಂದ ರೊಟ್ಟಿ ಕಸಿದುಕೊಂಡಳು. ತಾಟು ಉರುಳಿ ಎಲೆಯೆಲ್ಲ ನೆಲಕ್ಕೆ ಚೆಲ್ಲಿತು.

"ತಿನ್ನಬ್ಯಾಡ್ರಿ ಬಾಯಾರ. ಕಬ್ಬಿನಾಗ ಎಣ್ಣಿ ಹೊಡದಾರ."

"ಲೇ ಹೊಳೆವ್ವಾ!"

ಪ್ರತಿಮಾ ಹಿಡಿದ ತುತ್ತನ್ನು ಹಾಗೇ ತಾಟಿನಲ್ಲಿಟ್ಟಳು. ಮಾರ್ತಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಯಾವ ಮಾತಿನಲ್ಲಿ ಹೇಳಬೇಕೆಂದು ತಿಳಿಯದೆ ಹೊಳೆವ್ವ ಕುಂಟುತ್ತ ಕೊಟ್ಟಿಗೆಗೆ ಹೋಗಿ ಪಂಪನ್ನು ಎಳೆದು ತಂದು ಊಟದ ನಡುವೆಯೇ ಕುಕ್ಕಿದಳು. ಒಂದು ಎಲೆ ಎತ್ತಿ ಪಂಪಿನ ಮೇಲಿಟ್ಟಳು. ಆಮೇಲೆ ಹುಡುಗಿಯ ಗಲ್ಲ ಹಿಡಿದು, "ಎಷ್ಟ್ ತಿಂದಿಯವ್ವಾ? ಎಷ್ಟು?" ಎಂದಳು.

ಮಾರ್ತಾಳ ಮುಖ ಬಿಳಿಚಿತು. ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ತೋರಿಸಿದಳು.

ಮುಧೋಳದ ದವಾಖಾನೆಗೆ ಪ್ರತಿಮಾಳ ಕಾರಿನಲ್ಲೇ ಹೋದರು. ಹಿಂದಿನ ಸೀಟಿನಲ್ಲಿ ಹೊಳೆವ್ವ ಸೆರಗು ಒಡ್ಡಿ ಕುಳಿತಳು. ಹುಡುಗಿ ಅದರಲ್ಲೇ ವಾಂತಿ ಮಾಡಿಕೊಂಡಳು. ಸಲಾಯಿನ್ ಹಚ್ಚಿದ ಡಾಕ್ಟರು ಸಂಜೆಯ ಹೊತ್ತಿಗೆ ಹೊರಗೆ ಬಂದು, ಹೆದರಿಕೆ ಇಲ್ಲ, ಬೇಗ ತಂದದ್ದು ಛಲೋ ಆಯಿತು ಎಂದರು. ಅಲ್ಲಿಯವರೆಗೆ ಹೊಳೆವ್ವ ನೀರನ್ನೂ ಕುಡಿದಿರಲಿಲ್ಲ.

ಬೈಕಿನಲ್ಲಿ ಹಿಂದೆಯೇ ಬಂದಿದ್ದ ಸಾಬಣ್ಣ ಪಡಸಾಲೆಯ ಕಂಬಕ್ಕೆ ಒರಗಿದ್ದ.

"ಕಸಾ ತಗಿಯಾಕ ಆಳು ಸಿಗವಲ್ವು. ನೀ ನೋಡಿದರ ಮೊಣಕಾಲ ಹಿಡಕೊಂಡು ಅಳತಿ. ಯಾರ್ ತಗೀಬೇಕಿತ್ತು?"

"ನನ್ನ ಮೊಣಕಾಲ ಮ್ಯಾಲೆ ಹಾಕಬ್ಯಾಡ್ರಿ," ಹೊಳೆವ್ವ ಎಂದಳು. "ಹೊಡದದ್ದು ಬ್ಯಾರೆ ಮಾತು. ಆ ಕೂಸು ಬಾಯಿಗೆ ಒಯ್ಯೂದನ್ನ ನೋಡ್ಕೋತ ಕುಂತ್ರಿ."

ಅವನು ಬೈಕಿನ ಕಡೆ ನಡೆದ. ಹೊಳೆವ್ವನನ್ನೂ ಮಾರ್ತಾಳನ್ನೂ ಮನೆಯ ಮುಂದೆ ಇಳಿಸಿದ ಪ್ರತಿಮಾ ಕಾರಿನಿಂದ ಇಳಿಯಲಿಲ್ಲ. ಬೆಲ್ಲದ ಮಾತು ಎತ್ತಲಿಲ್ಲ.

ಚೇತರಿಸಿಕೊಂಡ ಮೇಲೆ ಮಾರ್ತಾ ಹೊರಟಳು. ಬೀಳಗಿಯ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸು. ಹತ್ತುವ ಮುನ್ನ ಬಗ್ಗಿ ಹೊಳೆವ್ವನ ಬಲ ಮೊಣಕಾಲಿನ ಮೇಲೆ ಅಂಗೈ ಇಟ್ಟು, "ಅವ್ವಾ, ಛಲೋ ಇರು" ಎಂದಳು. ಸಾಬಣ್ಣ ಅವಳ ಚೀಲವನ್ನು ಹೊತ್ತು ತಂದಿದ್ದ. ಅವಳು ಅವನತ್ತ ನೋಡದೆ ಅದನ್ನು ಇಸಿದುಕೊಂಡು ಬಸ್ಸು ಹತ್ತಿದಳು.

ಮರುದಿನ ಹೊಳೆವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ಎಣ್ಣಿ ತನ್ನ ಕೆಲಸ ಮಾಡಿತ್ತು. ಕಬ್ಬು ಹಚ್ಚಗೆ ನಿಂತಿತ್ತು. ನಡುವಿನ ಸಾಲುಗಳಲ್ಲಿ ಕಸವೆಲ್ಲ ಮುರುಟಿ ಹಳದಿಯಾಗಿ ಮಲಗಿತ್ತು. ಸಾಬಣ್ಣ ಪಂಪು ಹೊತ್ತು ನಡೆದಲ್ಲೆಲ್ಲ ಹಳದಿ. ಸಾಲು ಹಿಡಿದು ಬಾವಿಯ ಕಡೆ ನಡೆದಳು. ಬನ್ನಿ ಗಿಡದ ಹತ್ತಿರ ಬಂದಾಗ ಹಳದಿ ಥಟ್ಟನೆ ನಿಂತಿತು. ಗಿಡದ ಕೆಳಗೆ ಚಾಪೆಯಷ್ಟು ಜಾಗದಲ್ಲಿ ಹಕ್ಕರಕಿ ಹಸಿರಾಗಿ ಹರಡಿತ್ತು. ಒಣಗಿದ ಕೆಸರಿನಲ್ಲಿ ಗಂಡನ ಚಪ್ಪಲಿಯ ಗುರುತು ಅದನ್ನು ತುಳಿಯದೆ ಸುತ್ತಿ ಹೋಗಿತ್ತು.

ಮೋಟಾರು ಬಂದ್ ಮಾಡಿ ಸಾಬಣ್ಣ ಬಂದ. ಬೋರ್ಡನ್ನು ಕಿತ್ತು ಬಾವಿಯ ಕಟ್ಟೆಗೆ ಒರಗಿಸಿದ್ದ, ಬರಹ ಒಳಮುಖವಾಗಿ.

"ರೊಟ್ಟಿ ತಂದೀ?"

ಹೊಳೆವ್ವ ಕಾಲು ಚಾಚಿ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ಸೇಂಗಾ ಚಟ್ನಿಪುಡಿ ಹಾಕಿದಳು. ಕೈ ಚಾಚಿ ಒಂದು ಹಕ್ಕರಕಿ ಎಲೆ ಮುರಿದಳು. ಮುರಿದಲ್ಲಿ ಬಿಳಿಯ ಹಾಲು ಒಸರಿತು. ಎಲೆಯನ್ನು ಸೆರಗಿನಿಂದ ಒರೆಸಿ ಅವನ ರೊಟ್ಟಿಯ ಮೇಲಿಟ್ಟು ಮುಂದೆ ಸರಿಸಿದಳು.

ಆಮೇಲೆ ಅವನ ಕೈಯನ್ನೇ ನೋಡುತ್ತ ಕುಳಿತಳು.