ಮಾತಾಡದ ಕಂಪ್ಯೂಟರ್

ಸುಗುಣ ಟೀಚರ್ ಮನೆಗೆ ಹಳೇ ಕಂಪ್ಯೂಟರ್ ಒಂದು ಬಂತೆಂದು ಗೊತ್ತಾದಾಗ ಹೆಮ್ಮಾಡಿಯಲ್ಲಿ ಹಲವರು ಹುಬ್ಬೇರಿಸಿದರು. ಹುಟ್ಟಿನಿಂದ ಕಣ್ಣು ಕಾಣದವರಿಗೆ ಟಿವಿಯಂಥ ಆ ಪೆಟ್ಟಿಗೆ ಯಾಕೆ ಎಂಬುದು ಅವರ ಪ್ರಶ್ನೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ, ಅದನ್ನು ಹಾಕಿಕೊಂಡರೆ ತನ್ನ ಪಾಠವನ್ನು ತಾನೇ ಓದಿಕೊಳ್ಳಬಹುದು ಎಂದು ಸುಗುಣಳಿಗೆ ಹೇಳಿದವನು ಬ್ರಹ್ಮಾವರದ ಭೋಜರಾಜ. ಅಂಧರ ಶಾಲೆಯಲ್ಲಿ ಅವಳ ಜೊತೆ ಕಲಿತವನು, ಅವನಿಗೂ ಕಣ್ಣಿಲ್ಲ. ಆ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಬಸ್ಸಿನವರ ಕೈಯಲ್ಲಿ ಕಳಿಸಿದ್ದೂ ಅವನೇ.

ಅದು ಎರಡು ಸಾವಿರದ ಹನ್ನೊಂದರ ಬೇಸಿಗೆ ರಜೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಸುಗುಣಳಿಗೆ ಅಲ್ಲಿಯವರೆಗೂ ಪುಸ್ತಕ ಓದಿ ಹೇಳುತ್ತಿದ್ದವನು ಗಂಡ ಸುಧಾಕರ. ಗಂಗೊಳ್ಳಿ ಬಂದರಿನಿಂದ ಮೀನಿನ ಟೆಂಪೋ ಓಡಿಸುವವನು. ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನ ಬಂದು, ಉಂಡ ಕೈ ತೊಳೆದು ಪುಸ್ತಕ ಹಿಡಿಯುತ್ತಿದ್ದ. ಅವನು ಓದುತ್ತಾ ಹೋದಂತೆ ಅವಳು ಬ್ರೈಲ್ ಚುಚ್ಚಿಕೊಳ್ಳುತ್ತಿದ್ದಳು. ಮೊಗಲರ ಆಡಳಿತವಿರಲಿ, ಗ್ರಾಮ ಪಂಚಾಯತಿ ಇರಲಿ, ಅವನ ಬಾಯಲ್ಲಿ ಎಲ್ಲವೂ ಬಂದರಿನ ಹರಾಜಿನ ಧಾಟಿಯಲ್ಲೇ ಬರುತ್ತಿತ್ತು.

ಪೆನ್‌ಡ್ರೈವ್ ಸಿಕ್ಕಿಸಿದರು. ಭೋಜರಾಜ ಹೇಳಿದ ಕೀಲಿಗಳನ್ನೇ ಸುಗುಣ ಒತ್ತಿದಳು. ಪೆಟ್ಟಿಗೆಯೊಳಗೆ ಫ್ಯಾನು ಗುಂಯ್ಗುಟ್ಟಿತು. ಮಾತು ಮಾತ್ರ ಬರಲಿಲ್ಲ.

"ಹ್ವಾಯ್, ಪರದೆ ಮೇಲೆ ಎಂತ ಬಂತ್?" ಎಂದು ಗಂಡನನ್ನು ಕೇಳಿದಳು.

"ಎಂತದೋ ಇಂಗ್ಲಿಷಂಗ್ ಬಂದಿತ್. ಓಕೆ ಒತ್ದೆ."

"ನಾನ್ ಹೇಳುಕ್ ಮುಂಚೆ ಎಂತಕೆ ಒತ್ತುದ್ ನೀವ್? ಮೊದ್ಲ್ ಓದಿ, ಮತ್ತೆ ಒತ್ತಿ!"

"ಓಕೆ ಅಂದ್ರೆ ಒಪ್ಗಿ ಅಲ್ದಾ? ನಾನ್ ಒಪ್ದೆ ಮಾರಾಯ್ತಿ, ಅದೇ ಒಪ್ತಿಲ್ಲ."

ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದ ಅತ್ತೆ ಸೀತು ನಕ್ಕರು. ಸುಗುಣ ನಗಲಿಲ್ಲ. ಭೋಜರಾಜನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ಅವನು ಆಚೆಯಿಂದಲೇ ಒಂದೊಂದಾಗಿ ಕೇಳತೊಡಗಿದ. ಸ್ಪೀಕರಿನ ವಯರು ಸರಿಯಾದ ತೂತಿನಲ್ಲಿದೆಯೇ? ಇತ್ತು. ಸ್ವಿಚ್ಚು ಹಾಕಿದೆಯೇ? ಹಾಕಿತ್ತು. ಕಂಪ್ಯೂಟರ್ ಶುರುವಾಗುವಾಗ ರಾಗ ಏನಾದರೂ ಬರುತ್ತದೆಯೇ? ಇಲ್ಲ.

"ಹಂಗಾರೆ ತಪ್ಪು ನಮ್ಮ ತಂತ್ರಾಂಶದ್ದಲ್ಲ," ಎಂದ ಭೋಜರಾಜ. "ಅದು ಮಾತಾಡ್ತಾ ಇತ್ತ್. ಕಂಪ್ಯೂಟರಿಗೇ ಬಾಯಿ ಇಲ್ಲ."

ಮುಂದಿನ ಅರ್ಧ ಗಂಟೆ ಬ್ರಹ್ಮಾವರದವನು ಹೇಳಿದ, ಸುಗುಣ ಕೀಲಿ ಒತ್ತಿದಳು, ಸುಧಾಕರ ಕಂಡದ್ದನ್ನು ಕೂಗಿ ಹೇಳಿದ. ಯಂತ್ರದ ಬಿಡಿಭಾಗಗಳ ಹೆಸರಿರುವ ಕಿಟಕಿ ತೆರೆದಾಗ ಸುಧಾಕರನ ಸ್ವರ ಏರಿತು. "ಇಲ್ಲೊಂದ್ ಹಳದಿ ಪ್ರಶ್ನೆ ಗುರ್ತ್ ಇತ್ತ್ ಕಾಣಿ!"

"ಸಿಕ್ತ್! ಯಾರೋ ವಿಂಡೋಸ್ ಹೊಸ್ತಾಗಿ ಹಾಕಿ ಸ್ವರ ಬರ್ಸುವ ತಂತ್ರಾಂಶ, ಸೌಂಡಿನ ಡ್ರೈವರ್, ಹಾಕದೆ ಬಿಟ್ಟಿದ್ರ್," ಎಂದ ಭೋಜರಾಜ.

"ಡ್ರೈವರ್ ಇಲ್ದೆ ಗಾಡಿ ಹ್ಯಾಂಗ್ ಓಡುತ್ ಮತ್ತೆ?" ಎಂದ ಸುಧಾಕರ. ಅವತ್ತು ಅವನಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಯಾವ ಡ್ರೈವರ್ ಎಂದು ತಿಳಿಯಬೇಕಾದರೆ ಪೆಟ್ಟಿಗೆಯೊಳಗಿನ ಮದರ್‌ಬೋರ್ಡ್ ಎಂಬ ಹಲಗೆಯ ನಂಬರ್ ಬೇಕು. ಸುಧಾಕರ ಸ್ಕ್ರೂ ಬಿಚ್ಚಿದ. ಹಳೇ ಧೂಳಿನ ವಾಸನೆ ಸುಗುಣಳ ಮೂಗಿಗೆ ಹೊಡೆಯಿತು. ಟೆಂಪೋ ಒರೆಸುವ ಬ್ರಶ್ ತಂದು ಅವನು ಮೆಲ್ಲಗೆ ಗುಡಿಸಿ, ಟಾರ್ಚು ಹಾಕಿ, ದೋಣಿಯ ನಂಬರ್ ಕೂಗುವಂತೆ ಒಂದೊಂದೇ ಅಕ್ಷರವನ್ನು ಬಿಡಿಸಿ ಕೂಗಿದ. ಭೋಜರಾಜ ತನ್ನ ಕಂಪ್ಯೂಟರಿನಲ್ಲಿ ಹುಡುಕಿ, ಇಂಥ ಫೈಲು, ಸೈಬರ್ ಸೆಂಟರಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ ಎಂದು ಹೆಸರು ಹೇಳಿದ.

ಸೈಬರ್ ಇದ್ದದ್ದು ಕುಂದಾಪುರದಲ್ಲಿ. ಮೀನು ಹಾಕಿ ಬರುವ ದಾರಿ. ಆದರೆ ಮರುದಿನ ಸುಧಾಕರ ಬರಿಗೈಯಲ್ಲಿ ಬಂದ. "ಕರೆಂಟ್ ಇರ್ಲಿಲ್ಲ." ಅದರ ಮರುದಿನ, "ಮರ್ತ್ ಹೋಯ್ತ್." ಆಮೇಲೆ ನೆಪವನ್ನೂ ಹೇಳಲಿಲ್ಲ. ಊಟ ಮುಗಿಸಿ ಎಂದಿನಂತೆ ಪುಸ್ತಕ ಹಿಡಿದು ಕೂತ. ಆದರೆ ಹರಾಜಿನ ಧಾಟಿ ಇರಲಿಲ್ಲ. ಸಣ್ಣ ಸ್ವರದಲ್ಲಿ, ಸಾಲು ಬಿಡದೆ, ಬಹಳ ಎಚ್ಚರದಿಂದ ಓದಿದ. ಹೊಸ ಮೇಷ್ಟರ ಮುಂದೆ ನಿಂತ ಮಕ್ಕಳು ಹಾಗೆ ಓದುತ್ತಾರೆ.

ಸುಗುಣ ಬ್ರೈಲ್ ಹಲಗೆಯನ್ನು ಪಕ್ಕಕ್ಕಿಟ್ಟಳು. "ನಿಮ್ಗೆ ಎಂತ ಆಯ್ತ್?"

"ಎಂತ ಇಲ್ಲ."

"ಪೆನ್‌ಡ್ರೈವ್ ಕಿಸೆಯಂಗೇ ಇತ್ತಲ್ದಾ? ಅಂಗಿ ಒಗೂಕೆ ಹಾಕುವಾಗ ನಂಗ್ ಸಿಕ್ತ್."

ಪುಸ್ತಕ ಮುಚ್ಚಿದ ಸದ್ದಾಯಿತು. "ನಾನ್ ಓದುದ್ ಸಮ ಇಲ್ಲ ಅಂದೇಳಿ ಹೇಳಿರೆ ಆತಿತ್ತ್. ತಿದ್ಕಂತಿದ್ದೆ. ಅದ್ಕೊಂದ್ ಮಿಷಿನ್ ತರ್ಕಾ?"

ಸುಗುಣ ದಂಗಾದಳು. ತಾನು ಕಾರಣ ಹೇಳದೆ ಇದ್ದದ್ದು ಅವನಿಗೆ ಹೀಗೆ ಕಂಡಿತೆಂದು ಅವಳಿಗೆ ಆಗ ಹೊಳೆಯಿತು. ಹೇಳಿದರೆ, ಸುದ್ದಿ ತಿಳಿಸಿದ್ದಕ್ಕೆ ಅತ್ತೆಯ ಮೇಲೆ ಹರಿಹಾಯುತ್ತಾನೆಂದು ಸುಮ್ಮನಿದ್ದಳು.

"ಆವತ್ತ್ ಮರವಂತೆ ಹತ್ರ ನಿಮ್ ಟೆಂಪೋ ರಸ್ತೆ ಬಿಟ್ಟ್ ಕಡಲ್ ಬದಿಗೆ ಇಳ್ದದ್ ಯಾಕೆ?" ಎಂದಳು. "ನೀವ್ ತೂಕಡ್ಸಿದ್ ಅಲ್ದಾ? ಅತ್ತೆ ಹೇಳಿರ್ ನಂಗೆ. ಮಧ್ಯಾಹ್ನ ಮಲ್ಗಬೇಕಾದವ್ರ್ ನನ್ ಪುಸ್ತಕ ಹಿಡ್ಕಂಡ್ ಕೂಕಂತ್ರಿ. ನಿಮ್ ಓದ್ ಬ್ಯಾಡ ಅಂದೇಳಿ ಯಾರ್ ಹೇಳಿರ್? ನಂಗ್ ನೀವ್ ಬೇಕ್, ಅದ್ಕೇ ಮಿಷಿನ್."

ಜಗಲಿಯಲ್ಲಿ ಒಣಮೀನಿನ ಬುಟ್ಟಿ ಸರಿದಾಡುವುದು ನಿಂತಿತು. ಸುಧಾಕರ ಎದ್ದ. ಅಂಗಿ ಕೊಡವಿ, ಅವಳ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡ. ಅಂಗಳದಲ್ಲಿ ಬೈಕು ಶುರುವಾಗಿ, ಹೆದ್ದಾರಿಗೆ ಹತ್ತಿ ಕುಂದಾಪುರದ ಕಡೆ ಹೋದದ್ದನ್ನು ಸುಗುಣ ಕಿವಿಯಲ್ಲೇ ಹಿಂಬಾಲಿಸಿದಳು.

ಅವನು ಬಂದು ಫೈಲು ಹಾಕಿ, ಪರದೆಯ ಮೇಲಿದ್ದದ್ದನ್ನು ಪೂರ್ತಿ ಓದಿದ ಮೇಲಷ್ಟೇ ಓಕೆ ಒತ್ತಿದ. ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅದರ ರಾಗ ಮನೆ ತುಂಬಿತು. ಹಿಂದೆಯೇ ಒಂದು ಗೊಗ್ಗರು ಗಂಡಸಿನ ದನಿ ಇಂಗ್ಲಿಷಿನಲ್ಲಿ ಏನೋ ಒದರಿತು. ಸುಗುಣ ಕುರ್ಚಿ ಎಳೆದು ಕೂತಳು. ಬಾಣದ ಕೀಲಿ ಒತ್ತಿದಂತೆಲ್ಲ ಅದು ಹೆಸರು ಹೇಳುತ್ತಾ ಹೋಯಿತು.

ಆದರೆ ಅದೇ ಪೆನ್‌ಡ್ರೈವಿನಲ್ಲಿ ಭೋಜರಾಜ ಹಾಕಿ ಕಳಿಸಿದ್ದ ಕನ್ನಡದ ಸಮಾಜ ಪಾಠ ತೆರೆದ ಕೂಡಲೇ ಮತ್ತೆ ಮೌನ.

"ಹೋಯ್ತಾ?" ಸುಧಾಕರನ ದನಿ ಇಳಿಯಿತು.

"ತಡೀನಿ. ಅದ್ಕೆ ಕನ್ನಡ ಬಪ್ಪುದಿಲ್ಲ ಈಗ. ಕನ್ನಡ ಓದ್ ಅಂದೇಳಿ ನಾವ್ ಹೇಳ್ಕ್." ಅವಳು ಧ್ವನಿ ಆರಿಸುವ ಪಟ್ಟಿ ತೆರೆದಳು. ಭಾಷೆಗಳ ಹೆಸರು ಒಂದೊಂದೇ ಜಾರಿಹೋದವು. ಕನ್ನಡ ಬಂದಲ್ಲಿ ಬೆರಳು ನಿಲ್ಲಿಸಿ ಒತ್ತಿದಳು. ಈ ಸಲ ಯಾರ ಕಣ್ಣೂ ಬೇಕಾಗಲಿಲ್ಲ.

"ನಮ್ಮ ಕರಾವಳಿಯ ಜನಜೀವನ," ಎಂದಿತು ಯಂತ್ರ, ತಗಡಿನ ಡಬ್ಬಿಯೊಳಗಿಂದ ಬಂದಂಥ ಸ್ವರದಲ್ಲಿ.

ಸೀತು ಓಡಿಬಂದು ಬಾಗಿಲಲ್ಲಿ ನಿಂತರು. "ಇದ್ಯಾರ್ ಮಾತಾಡುದ್? ಬೊಂಬಾಯಂಗೇ ಹುಟ್ಟಿ ಬೆಳ್ದ ಗಂಡ್ ಊರಿಗ್ ಬಂದ್ ಕನ್ನಡ ಮಾತಾಡ್ದಂಗ್ ಇತ್ತಲೆ!"

ಯಂತ್ರ ಕರಾವಳಿಯ ಮೀನುಗಳ ಹೆಸರಿಗೆ ಬಂದು 'ಬಂಗುಡೆ'ಯನ್ನು ಎಲ್ಲೆಲ್ಲೋ ಮುರಿದು ಹೇಳಿದಾಗ ಸುಧಾಕರನಿಗೆ ತಡೆಯಲಾಗಲಿಲ್ಲ. "ಥೋ, ಹಂಗಲ್ಲ! ಬಂಗ್ಡೆ!" ಎಂದು ಪೆಟ್ಟಿಗೆಗೇ ಗದರಿದ. ಸುಗುಣ ಮೇಜಿಗೆ ತಲೆಯಿಟ್ಟು ನಕ್ಕಳು. ನಕ್ಕು ಕಣ್ಣೀರು ಬಂದದ್ದನ್ನು ಅವನೇ ತನ್ನ ಒರಟು ಹೆಬ್ಬೆರಳಿನಿಂದ ಒರೆಸಿದ.

ಶಾಲೆ ಶುರುವಾಗುವ ಮೊದಲೇ ಭೋಜರಾಜನ ಫೋನ್ ಬಂತು. ಕೆರಾಡಿಯಲ್ಲಿ ಪ್ರಣೀತಾ ಎಂಬ ಕಾಲೇಜು ಹುಡುಗಿಗೆ ದೃಷ್ಟಿ ಮಂಜಾಗುತ್ತಾ ಬಂದಿದೆ, ಅವಳ ಕಂಪ್ಯೂಟರಿಗೂ ಇದೇ ತಂತ್ರಾಂಶ ಹಾಕಿದ್ದಾರೆ, ಅದು ಬರೀ ಕಿಚಪಿಚ ಎನ್ನುತ್ತದಂತೆ. ಒಮ್ಮೆ ಹೋಗಿ ನೋಡಲು ಆದೀತೇ ಎಂದು ಕೇಳಿದ.

ಭಾನುವಾರ ಸುಧಾಕರ ಟೆಂಪೋ ತೊಳೆದ. ಆದರೂ ಮೀನಿನ ವಾಸನೆ ಹೋಗಲಿಲ್ಲ. ಕೆರಾಡಿಯ ಮನೆಯಲ್ಲಿ ಪ್ರಣೀತಾಳ ತಾಯಿ ಅಳುಕುತ್ತಲೇ ಅವರನ್ನು ಒಳಗೆ ಕರೆದರು. ಹುಡುಗಿ ಕೋಣೆಯಿಂದ ಹೊರಗೇ ಬರಲಿಲ್ಲ. "ಅದ್ ಹಾಳಾಯ್ತ್. ನಂಗ್ ಬ್ಯಾಡ," ಎಂದಳು ಒಳಗಿನಿಂದ.

ಸುಗುಣ ಗೋಡೆ ಹಿಡಿದು ಆ ದನಿಯತ್ತಲೇ ನಡೆದು, ಅವಳ ಪಕ್ಕ ಕೂತಳು. ಯಂತ್ರ ಹಾಕಿದಾಗ ಬಂದದ್ದು ನಿಜಕ್ಕೂ ಕಿಚಪಿಚವೇ. ಸುಗುಣ ತಲೆ ಓರೆ ಮಾಡಿ ಕೇಳಿದಳು. ಆ ಗದ್ದಲದ ನಡುವೆ ಅವಳಿಗೆ ಒಂದು ಪದ ಸಿಕ್ಕಿತು, ಆಮೇಲೆ ಇನ್ನೊಂದು.

"ಹಾಳಾಯ್ಲಿಲ್ಲ ಮಗಾ. ಗಡಿಬಿಡಿ ಮಾಡ್ತಾ ಇತ್ತ್, ಅಷ್ಟೇ. ವೇಗ ಯಾರೋ ತುದಿಗ್ ಇಟ್ಟಿದ್ರ್. ಎಲ್ಲಿ, ನಿನ್ ಕೈ ಕೊಡ್."

ಅವಳ ಬೆರಳು ಹಿಡಿದು ಕೀಲಿಯ ಮೇಲಿಟ್ಟಳು. ಒತ್ತಿದಷ್ಟೂ ದನಿ ನಿಧಾನವಾಯಿತು. ಕಿಚಪಿಚ ಮಾತಾಯಿತು, ಮಾತಿಗೆ ಅರ್ಥ ಬಂತು. ಪ್ರಣೀತಾ ಕುರ್ಚಿಯನ್ನು ತಾನೇ ಮುಂದಕ್ಕೆಳೆದುಕೊಂಡು ತನ್ನ ಹೆಸರು ಒತ್ತಿದಳು. ಯಂತ್ರ ಅದನ್ನು ಸೊಟ್ಟಗೆ ಓದಿತು. ಅವಳು ಕಿಸಕ್ಕೆಂದು ನಕ್ಕು, ತಾಯಿಯ ಹೆಸರು ಒತ್ತಿದಳು.

"ಹ್ವಾಯ್, ಹೋಪನಾ?" ಅಂಗಳದಿಂದ ಸುಧಾಕರ ಕರೆದ.

"ನೀವ್ ಬನ್ನಿ ಒಳ್ಗ್," ಎಂದಳು ಸುಗುಣ. "ಇವ್ಳ್ ಈಗ್ ಎದ್ದೇಳುದಿಲ್ಲ."