ಮಾಸ್ಕ್ ತೆಗೆಸಿದ ದಿನ

"ಮನೇಲಿ ಧೂಳು, ಬೂಷ್ಟು ಇರೋ ಕಡೆ ಇವರೇನಾದ್ರೂ ಇದ್ರಾ?" ಡಾಕ್ಟರ್ ಸ್ಕ್ಯಾನ್ ನೋಡುತ್ತಲೇ ಕೇಳಿದರು.

"ಇಲ್ಲ ಡಾಕ್ಟ್ರೇ," ಎಂದ ಶಿವಕುಮಾರ್.

ಪಕ್ಕದಲ್ಲಿದ್ದ ಹೆಂಡತಿ ಅರುಣಾ ಅವನನ್ನೊಮ್ಮೆ ನೋಡಿದಳು.

ಅವಳ ರಕ್ತದ ಕ್ಯಾನ್ಸರ್ ಹತೋಟಿಗೆ ಬಂದಿತ್ತು. ಅವಳ ತಮ್ಮ ಶಶಿಧರನ ಸ್ಟೆಮ್ ಸೆಲ್ ಹೊಂದಿಕೊಂಡು, ಕಸಿಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಶ್ವಾಸಕೋಶಕ್ಕೆ ಶಿಲೀಂಧ್ರ ಹಿಡಿಯಿತು. ಔಷಧಿ ಬದಲಾಯಿಸಿದರೂ ಜಗ್ಗಲಿಲ್ಲ. ಅದು ಇಳಿಯದೆ ಕಸಿ ಮಾಡಿದರೆ ಜೀವಕ್ಕೇ ಅಪಾಯ ಎಂದಿದ್ದರು.

ಶಿವಕುಮಾರನಿಗೆ ಅರಸೀಕೆರೆಯ ತನ್ನ ಮನೆ ಕಣ್ಣಿಗೆ ಕಟ್ಟಿತು. ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ ಕೊಬ್ಬರಿ ಸುಲಿಸುವಾಗ ಬೂಷ್ಟು ಹಿಡಿದ ಮಟ್ಟೆಯ ಧೂಳು ಹಜಾರದವರೆಗೂ ತುಂಬಿಕೊಳ್ಳುತ್ತಿತ್ತು. ಚಿಕಿತ್ಸೆಯ ನಡುವೆ ಅರುಣಾ ಮನೆಗೆ ಬಂದಿದ್ದರಿಂದ ಈ ಸಲ ಬೇರೆ ಕಡೆ ಸುಲಿಸಬಹುದಿತ್ತು. ಆದರೆ ತಂಗಿ ಹೇಮಾಶ್ರೀಗೆ ಹಗರೆ ಊರಿನ ಸಂಬಂಧ ಕೂಡಿಬರುತ್ತಿತ್ತು. ಅತ್ತಿಗೆಗೆ ಕ್ಯಾನ್ಸರ್ ಎಂದು ಗೊತ್ತಾದರೆ ಅವರು ಹಿಂದೆ ಸರಿದಾರೆಂದು, ಏನೂ ಆಗಿಲ್ಲವೆನ್ನುವಂತೆ ಎಂದಿನ ಹಾಗೆ ಮನೆಯಲ್ಲೇ ಸುಲಿಸಲು ಅವನೇ ಆಳುಗಳನ್ನು ಕರೆಸಿದ್ದ. ಗಂಡಿನವರು ಬಂದ ದಿನ ಅರುಣಾಳ ಮಾಸ್ಕ್ ತೆಗೆಸಿ, ಬೋಳು ತಲೆಯ ಮೇಲೆ ಸೆರಗು ಹೊದಿಸಿ, ಅವಳ ಕೈಯಿಂದಲೇ ನೀರು ಕೊಡಿಸಿದ್ದ.

ಡಾಕ್ಟರ ಕೋಣೆಯಿಂದ ಹೊರಗೆ ಬಂದಮೇಲೆ ಅರುಣಾಳನ್ನು ಕೇಳಿದ, "ನೀನಾದ್ರೂ ಹೇಳ್ಬೋದಿತ್ತಲ್ಲ?"

"ಯಾರ್ಗೂ ಹೇಳ್ಬೇಡ ಅಂದಿದ್ದು ನೀವೇ ಅಲ್ವೇನ್ರೀ?" ಅರುಣಾ ದನಿಯೇರಿಸಲಿಲ್ಲ. "ಕಾಯ್ಲೆ ಬಂದಿದ್ದೇ ನನ್ ತಪ್ಪು ಅನ್ನೋ ಹಂಗೆ ಮಾಡ್ಬಿಟ್ರಿ."

ಅವನು ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ಡಾಕ್ಟರ್ ಬೈಯಲಿಲ್ಲ. "ಅಲ್ಲಿಂದಲೇ ಬಂತು ಅಂತ ಹೇಳಕ್ಕಾಗಲ್ಲ. ಆದ್ರೆ ಗೊತ್ತಿದ್ದಿದ್ರೆ ನಾವು ಮನೆಗೆ ಕಳಿಸ್ತಿರಲಿಲ್ಲ," ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವಕುಮಾರನಿಗೆ ಅನ್ನಿಸಿತು.

ಆಸ್ಪತ್ರೆಯ ಹತ್ತಿರವೇ ರೂಮು ಮಾಡಿದರು. ಹೊಸ ಔಷಧಿ ಶುರುವಾಯಿತು. ಅದೇ ವಾರ ಶಿವಕುಮಾರ್ ಹಗರೆಗೆ ಫೋನ್ ಮಾಡಿ, ಗಂಡಿನ ತಂದೆ ಇಂದುಧರರಿಗೆ ನಿಜ ಹೇಳಿದ.

"ನಿಮ್ಮನೆಗೆ ಬಂದ ದಿನಾನೇ ಗೊತ್ತಾಗಿತ್ತು ಕಣಪ್ಪ," ಎಂದರು ಅವರು. "ನೀರು ಕೊಡೋಕೆ ಬಗ್ಗಿದಾಗ ಆ ತಾಯಿ ಸೆರಗು ಜಾರ್ತು, ತಲೇಲಿ ಕೂದ್ಲಿರ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ವಿ. ಮದ್ವೆ ಅವ್ರು ಹುಷಾರಾದ್ಮೇಲೆ ಇಟ್ಕೊಳಾಣ."



ಶ್ವಾಸಕೋಶದ ಕಲೆ ನಿಧಾನವಾಗಿ ಕುಗ್ಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಸಿಯ ದಿನ ಬಂತು. ಶಿವಕುಮಾರ್ ಗಾಜಿನ ಈಚೆ ನಿಂತಿದ್ದ. ಆಚೆ, ತಮ್ಮನ ಸ್ಟೆಮ್ ಸೆಲ್ ತುಂಬಿದ ಕೆಂಪು ಚೀಲದಿಂದ ಹನಿ ಇಳಿಯುತ್ತಿತ್ತು. ಅರುಣಾ ತಲೆ ಹೊರಳಿಸಿ ಅವನನ್ನು ನೋಡಿದಳು. ಅವನು ಕೈ ಅರ್ಧ ಎತ್ತಿದ. ಅವಳು ತುಸು ಹೊತ್ತು ಅವನನ್ನೇ ನೋಡಿ, ಮತ್ತೆ ಹನಿಯ ಕಡೆ ತಿರುಗಿದಳು.